ಸೆಖೆಗಾಲಕ್ಕೆ ಹಗುರವಾದ ಸೂಟ್: ಬಟ್ಟೆ ಮುಟ್ಟಿ ನೋಡುವುದರಿಂದ ಹ್ಯಾಂಗರಿಗೆ ಹಾಕುವವರೆಗೆ

ಬೇಸಿಗೆಗೆ ಅಂತಲೇ ನಾನು ಮೊದಲ ಸಲ ಸೂಟ್ ಕೊಂಡಾಗ ಅದರ ಟ್ಯಾಗ್ ಮೇಲೆ ‘ಲೈಟ್‌ವೇಟ್’ ಎಂದು ದೊಡ್ಡದಾಗಿ ಬರೆದಿತ್ತು. ಕೈಯಲ್ಲಿ ಹಿಡಿದರೆ ನಿಜಕ್ಕೂ ಹಗುರವಾಗಿತ್ತು. ಮೊದಲ ದಿನ ಹಾಕಿಕೊಂಡು ಒಂದು ಮೀಟಿಂಗಿಗೆ ನಡೆದುಕೊಂಡೇ ಹೋದೆ. ಹತ್ತೇ ನಿಮಿಷದ ದಾರಿ. ಬಿಸಿಲೂ ಇರಲಿಲ್ಲ, ಮೋಡ ಕವಿದ ಸೆಖೆ. ಒಳಗೆ ಹೋಗಿ ಕೋಟು ತೆಗೆಯಲು ನೋಡಿದರೆ ತೋಳು ಬರುತ್ತಿಲ್ಲ. ಕೋಟಿನ ಲೈನಿಂಗ್ ಅಂಗಿಗೆ, ಅಂಗಿ ಮೈಗೆ ಅಂಟಿಕೊಂಡಿತ್ತು. ಜೋರಾಗಿ ಎಳೆದಾಗ ತೋಳಿನ ಒಳಗಿನದು ಹೊರಗಾಗಿ ತಿರುಚಿಕೊಂಡು ಬಂತು.

ಅಂದು ರಾತ್ರಿ ಒಳಜೇಬಿನೊಳಗಿದ್ದ ಚಿಕ್ಕ ಲೇಬಲ್ ಓದಿದೆ. ಹೊರಬಟ್ಟೆಯಲ್ಲಿ ಮುಕ್ಕಾಲು ಪಾಲು ಪಾಲಿಯೆಸ್ಟರ್. ಲೈನಿಂಗ್ ಪೂರ್ತಿ ಪಾಲಿಯೆಸ್ಟರ್. ತೆಳ್ಳಗಿನ ಒಂದು ಚೀಲದೊಳಗೆ ಇನ್ನೊಂದು ಚೀಲ ಇಟ್ಟ ಹಾಗೆ. ಹಗುರ ಹೌದು, ಆದರೆ ಗಾಳಿ ಆಡಲು ಒಂದು ಸಂದಿ ಕೂಡ ಇರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಬಟ್ಟೆ, ನೇಯ್ಗೆ, ಹೊಲಿಗೆ ಎಲ್ಲದರ ಬಗ್ಗೆ ಟೈಲರ್‌ಗಳನ್ನು ಕೇಳಿ, ಬಟ್ಟೆ ಮುಟ್ಟಿ, ಹಾಕಿ ನೋಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಸೆಖೆಯ ಸೂಟಿಗೆ ಮೊದಲ ಪ್ರಶ್ನೆ ‘ಗಾಳಿ ಆಡುತ್ತದಾ?’ ಎಂಬುದು. ‘ಎಷ್ಟು ತೂಕ?’ ಎನ್ನುವುದು ಎರಡನೆಯದು. ಅಂಗಡಿಯಲ್ಲಿ ಸಾಮಾನ್ಯವಾಗಿ ಈ ಎರಡನೇ ಪ್ರಶ್ನೆಗೆ ಮಾತ್ರ ಉತ್ತರ ಸಿಗುತ್ತದೆ.

ಮೊದಲು: ಸೆಖೆ ಮೈಗೆ ಏನು ಮಾಡುತ್ತದೆ

ಒಣ ಬಿಸಿಲು ಬೇರೆ, ತೇವದ ಸೆಖೆ ಬೇರೆ. ಬೆವರು ಆರುವಾಗ ಮೈಯ ಬಿಸಿಯನ್ನು ತೆಗೆದುಕೊಂಡು ಹೋಗುತ್ತದೆ. 1 ಗ್ರಾಂ ಬೆವರು ಆವಿಯಾಗಲು ಸುಮಾರು 2,400 ಜೂಲ್ ಶಾಖ ಬೇಕು. ಆ ಶಾಖ ಚರ್ಮದಿಂದಲೇ ಹೋಗುವುದರಿಂದ ಮೈ ತಂಪಾಗುತ್ತದೆ. ಒಣ ಹವೆಯಲ್ಲಿ ಇದು ಸಲೀಸು. ಗಾಳಿಯಲ್ಲೇ ತೇವ ತುಂಬಿದ್ದರೆ ಬೆವರು ಆರುವುದು ನಿಧಾನ. ಅದು ಚರ್ಮದ ಮೇಲೇ ನಿಲ್ಲುತ್ತದೆ, ಹರಿಯುತ್ತದೆ, ಅಂಗಿಗೆ ಇಳಿಯುತ್ತದೆ.

ಸೂಟಿನ ಒಳಗೆ ಈ ಕಷ್ಟ ಎರಡು ಪಟ್ಟು. ಹೊರಗಿನ ಗಾಳಿ ತೇವವಾಗಿದ್ದರೆ ಕೋಟಿನ ಒಳಗಿನ ಗಾಳಿ ಅದಕ್ಕಿಂತ ತೇವ. ಆ ಗಾಳಿ ಹೊರಗೆ ಹೋಗಿ ಹೊಸದು ಒಳಗೆ ಬರುತ್ತಲೇ ಇರಬೇಕು. ಜೊತೆಗೆ ಬಟ್ಟೆಯು ಒಂದಷ್ಟು ತೇವವನ್ನು ತಾನೇ ಹೀರಿಕೊಂಡು, ಆದರೂ ಒಣಗಿದ ಹಾಗೆ ಇರಬೇಕು. ಮುಂದಿನ ಹೆಜ್ಜೆಗಳೆಲ್ಲ ಈ ಎರಡು ಕೆಲಸಕ್ಕಾಗಿ.

ಹೆಜ್ಜೆ 1: ನಿಮ್ಮ ದಿನವನ್ನು ಒಮ್ಮೆ ಬರೆದು ನೋಡಿ

ಅಂಗಡಿಗೆ ಹೋಗುವ ಮೊದಲು ಒಂದು ಚೀಟಿ ತೆಗೆದುಕೊಳ್ಳಿ. ದಿನದಲ್ಲಿ ಎಷ್ಟು ಹೊತ್ತು ಹೊರಗೆ, ಎಷ್ಟು ಹೊತ್ತು ಎಸಿಯಲ್ಲಿ? ಕೋಟು ಹಾಕಿಕೊಂಡೇ ಓಡಾಡಬೇಕಾ, ತೋಳ ಮೇಲೆ ಹಾಕಿಕೊಂಡು ಹೋಗಬಹುದಾ? ಕೂತು ಮಾಡುವ ಕೆಲಸವಾ, ನಿಂತು ಮಾತಾಡುವ ಕೆಲಸವಾ? ವಾರಕ್ಕೆ ಎಷ್ಟು ದಿನ ಸೂಟ್ ಬೇಕು?

ದಿನವಿಡೀ ಎಸಿಯಲ್ಲಿ ಕೂರುವವರು ತೀರಾ ತೆಳ್ಳಗಿನ ಬಟ್ಟೆ ತೆಗೆದುಕೊಂಡರೆ ಮಧ್ಯಾಹ್ನ ಚಳಿ ಹಿಡಿಯುತ್ತದೆ. ಹೊರಗೆ ಅಲೆಯುವವರಿಗೆ ಬಿದ್ದ ಸುಕ್ಕು ತಾನಾಗಿ ಹೋಗುವ ಬಟ್ಟೆಯೇ ಮುಖ್ಯ. ವಾರಕ್ಕೆ ಮೂರು ದಿನಕ್ಕಿಂತ ಜಾಸ್ತಿ ಹಾಕುವವರಿಗೆ ಒಂದೇ ಸೂಟ್ ಸಾಲದು. ಎರಡು ಸೂಟ್ ಕೊಳ್ಳಲು ಆಗದಿದ್ದರೆ ಒಂದು ಕೋಟಿಗೆ ಎರಡು ಪ್ಯಾಂಟ್ ಹೊಲಿಸಿ. ಸೆಖೆಗಾಲದಲ್ಲಿ ಮೊದಲು ಸವೆಯುವುದು ಪ್ಯಾಂಟೇ.

ಹೆಜ್ಜೆ 2: ಯಾವ ನಾರು?

‘ಬೇಸಿಗೆಗೆ ಉಣ್ಣೆನಾ?’ ಎಂದು ಎಲ್ಲರೂ ಕೇಳುತ್ತಾರೆ. ಉಣ್ಣೆ ಎಂದರೆ ನಮಗೆ ಸ್ವೆಟರೇ ನೆನಪಾಗುವುದು, ಅಲ್ವಾ? ಆದರೆ ಸ್ವೆಟರ್ ಬೆಚ್ಚಗಿರುವುದು ಅದರ ಗುಂಗುರು ಎಳೆಗಳ ನಡುವೆ ಗಾಳಿ ಸಿಕ್ಕಿಹಾಕಿಕೊಳ್ಳುವುದರಿಂದ. ಸೂಟಿಗೆ ಬಳಸುವ ವರ್ಸ್ಟೆಡ್ ಉಣ್ಣೆಯನ್ನು ನೂಲುವ ಮೊದಲು ಬಾಚುತ್ತಾರೆ. ಗಿಡ್ಡ ಎಳೆಗಳೆಲ್ಲ ಹೋಗಿ, ಉದ್ದದವು ಒಂದರ ಪಕ್ಕ ಒಂದು ನೇರವಾಗಿ ಮಲಗುತ್ತವೆ. ಆ ನೂಲು ನಯವಾಗಿ, ಗಟ್ಟಿಯಾಗಿ ಬರುತ್ತದೆ. ಅದನ್ನು ಬಿಡಿಬಿಡಿಯಾಗಿ ನೇಯ್ದರೆ ಗಾಳಿ ಸಿಕ್ಕಿಹಾಕಿಕೊಳ್ಳುವುದಿಲ್ಲ, ದಾಟಿ ಹೋಗುತ್ತದೆ.

ತೇವದ ಲೆಕ್ಕ ನೋಡಿ. ಸಾಧಾರಣ ಹವೆಯಲ್ಲಿ ಸುಮ್ನೆ ಇಟ್ಟರೂ 100 ಗ್ರಾಂ ಒಣ ಉಣ್ಣೆ ಸುಮಾರು 16 ಗ್ರಾಂ ತೇವ ಹಿಡಿದುಕೊಳ್ಳುತ್ತದೆ. ಲಿನನ್ ಸುಮಾರು 12, ಹತ್ತಿ 8ರ ಆಸುಪಾಸು. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಇಲ್ಲ. ತೀರಾ ತೇವದ ಗಾಳಿಯಲ್ಲಿ ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲಿನಷ್ಟು ತೇವ ಹೀರಿದರೂ ಮುಟ್ಟಿದಾಗ ಒದ್ದೆ ಅನ್ನಿಸುವುದಿಲ್ಲ. ಅದಕ್ಕೇ ಆಫೀಸಿನ ಸೂಟಿಗೆ ನನ್ನ ಮೊದಲ ಆಯ್ಕೆ ಉಣ್ಣೆ. ಸುಕ್ಕು ಬಿಡುವುದರಲ್ಲೂ ಅದನ್ನು ಮೀರಿಸುವ ನಾರು ಕಡಿಮೆ.

ಮೊಹೇರ್ ಎಂಬುದು ಅಂಗೋರಾ ಆಡಿನ ಕೂದಲು. ನಯ, ಹೊಳಪು, ಜೊತೆಗೆ ಒಂದು ತರಹದ ಬಿಗಿ ಅದಕ್ಕಿದೆ. ಉಣ್ಣೆಗೆ ಅದನ್ನು ಬೆರೆಸಿದರೆ ಬಟ್ಟೆ ಮೈಗೆ ಅಂಟದೆ ದೂರ ನಿಲ್ಲುತ್ತದೆ, ಸುಕ್ಕು ಬಲು ಕಡಿಮೆ. ಆದರೆ ಮೊಹೇರ್ ಪಾಲು ತುಂಬಾ ಜಾಸ್ತಿ ಇದ್ದರೆ ಮಡಿಕೆ ಬೀಳುವ ಕಡೆ ವರ್ಷಗಳ ನಂತರ ಎಳೆ ಮುರಿಯುವ ಸಂಭವ ಇದೆ. ಪ್ಯಾಂಟಿನ ಗೆರೆ ಮೇಲೆ ಒತ್ತಿ ಒತ್ತಿ ಇಸ್ತ್ರಿ ಮಾಡಬೇಡಿ ಎಂದು ಟೈಲರ್‌ಗಳು ಹೇಳುವುದು ಇದಕ್ಕೇ.

ಲಿನನ್ ತಂಪು, ಅದರಲ್ಲಿ ಎರಡು ಮಾತಿಲ್ಲ. ಸುಕ್ಕು ಬೀಳುತ್ತದೆ, ಅದರಲ್ಲೂ ಎರಡು ಮಾತಿಲ್ಲ. ಮುಖ್ಯವಾದ ಮೀಟಿಂಗಿಗೆ ಅಪ್ಪಟ ಲಿನನ್ ಸೂಟ್ ಹಾಕಿದರೆ ಒಂದು ಗಂಟೆ ಕೂತು ಎದ್ದ ಮೇಲೆ ಮೊಣಕೈ, ತೊಡೆ, ಬೆನ್ನ ಕೆಳಗೆ ಗೆರೆಗಳು ಎದ್ದು ಕಾಣುತ್ತವೆ. ಉಣ್ಣೆ, ಲಿನನ್, ರೇಷ್ಮೆ ಬೆರೆಸಿದ ಬಟ್ಟೆ ಇಲ್ಲಿ ಒಳ್ಳೆಯ ನಡುದಾರಿ. ಲಿನನ್ನೇ ಬೇಕೆಂದರೆ ತೀರಾ ತೆಳ್ಳಗಿನದನ್ನು ಬಿಟ್ಟು ಸ್ವಲ್ಪ ಭಾರದ್ದನ್ನು ಆರಿಸಿ. ಅದರ ಸುಕ್ಕು ಅಗಲವಾಗಿ, ಮೃದುವಾಗಿ ಬೀಳುತ್ತದೆ. ತೆಳು ಲಿನನ್ ಮುದುಡಿದ ಕಾಗದದ ಹಾಗಾಗುತ್ತದೆ.

ಹತ್ತಿ ಸೂಟ್ ಮೊದಲರ್ಧ ದಿನ ಚೆನ್ನಾಗಿರುತ್ತದೆ. ಆಮೇಲೆ ಬೆವರನ್ನು ಕುಡಿದು ಭಾರವಾಗುತ್ತದೆ, ನಿಧಾನವಾಗಿ ಒಣಗುತ್ತದೆ, ಮೊಣಕಾಲ ಹತ್ತಿರ ಉಬ್ಬುತ್ತದೆ. ‘ಬಿದಿರಿನ ಬಟ್ಟೆ’ ಎಂದು ಹೆಸರಿಟ್ಟದ್ದು ಹೆಚ್ಚಾಗಿ ಬಿದಿರಿನ ತಿರುಳಿನಿಂದ ಮಾಡಿದ ವಿಸ್ಕೋಸ್. ತೇವ ಹೀರುತ್ತದೆ, ಆದರೆ ಒದ್ದೆಯಾದಾಗ ಅದರ ಬಲ ಕುಗ್ಗುತ್ತದೆ. ಹಿಗ್ಗಲೆಂದು 2 ಶೇಕಡಾ ಎಲಾಸ್ಟೇನ್ ಇದ್ದರೆ ತೊಂದರೆ ಇಲ್ಲ. ಪಾಲಿಯೆಸ್ಟರ್ ಅರ್ಧಕ್ಕಿಂತ ಜಾಸ್ತಿ ಇದ್ದರೆ ನಾನು ಹ್ಯಾಂಗರನ್ನು ವಾಪಸ್ ಇಡುತ್ತೇನೆ.

ಹೆಜ್ಜೆ 3: ನೇಯ್ಗೆ. ಇಲ್ಲಿ ಸಮಯ ಕೊಡಿ

ಇಡೀ ಬರಹದಲ್ಲಿ ಒಂದೇ ಭಾಗ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಒಂದೇ ಉಣ್ಣೆ, ಒಂದೇ ತೂಕ, ಆದರೆ ಎರಡು ನೇಯ್ಗೆ. ಒಂದನ್ನು ಹಾಕಿದರೆ ಫ್ಯಾನ್ ಕೆಳಗೆ ಕೂತ ಹಾಗೆ, ಇನ್ನೊಂದನ್ನು ಹಾಕಿದರೆ ಕಿಟಕಿ ಮುಚ್ಚಿದ ಕೋಣೆಯ ಹಾಗೆ.

ಸಾದಾ ನೇಯ್ಗೆಯಲ್ಲಿ ಹೊಕ್ಕಿನ (ಅಡ್ಡದ) ನೂಲು ಹಾಸಿನ (ಉದ್ದದ) ಒಂದು ನೂಲಿನ ಮೇಲೆ, ಮುಂದಿನದರ ಕೆಳಗೆ, ಹೀಗೆ ಹೋಗುತ್ತದೆ. ಪ್ರತಿ ನೂಲೂ ಪಕ್ಕದ್ದರಿಂದ ಸ್ವಲ್ಪ ದೂರ ನಿಲ್ಲಲೇಬೇಕಾಗುತ್ತದೆ. ಆದ್ದರಿಂದ ನಡುವೆ ಚಿಕ್ಕ ಚಿಕ್ಕ ಕಿಂಡಿ ಉಳಿಯುತ್ತವೆ. ‘ಟ್ರಾಪಿಕಲ್ ವೂಲ್’ ಎಂದು ಮಾರುವುದು ಈ ಬಗೆಯ ಹಗುರ ಬಟ್ಟೆಯನ್ನು. ಟ್ವಿಲ್‌ನಲ್ಲಿ ನೂಲು ಎರಡೆರಡನ್ನು ಒಟ್ಟಿಗೆ ದಾಟುತ್ತದೆ, ಓರೆ ಗೆರೆಗಳು ಕಾಣುತ್ತವೆ, ನೂಲುಗಳನ್ನು ಇನ್ನೂ ಒತ್ತಾಗಿ ಕೂರಿಸಬಹುದು. ಗ್ಯಾಬರ್ಡೀನ್ ಇದೇ ಜಾತಿಯ ಒತ್ತು ಬಟ್ಟೆ. ನೋಡಲು ಬಲು ಚೆಂದ, ಗಾಳಿ ತಡೆಯುವುದರಲ್ಲೂ ಜೋರು. ಸೆಖೆಗೆ ಬೇಡ.

ಹಾಪ್‌ಸ್ಯಾಕ್ ಎಂಬುದು ಬುಟ್ಟಿ ಹೆಣೆದ ಹಾಗಿನ ನೇಯ್ಗೆ. ಎರಡೆರಡು ನೂಲು ಜೋಡಿಯಾಗಿ ಹೋಗುತ್ತವೆ. ಕಿಂಡಿ ದೊಡ್ಡದು, ಗಾಳಿ ಚೆನ್ನಾಗಿ ಆಡುತ್ತದೆ. ಕೋಟಿಗೆ ಬಹಳ ಒಳ್ಳೆಯದು. ಪ್ಯಾಂಟಿಗೆ ಮಾತ್ರ ಸ್ವಲ್ಪ ಸಡಿಲ, ಕೂತಲ್ಲಿ ಉಬ್ಬಬಹುದು.

ನನಗೆ ತುಂಬಾ ಇಷ್ಟವಾದದ್ದು ಹುರಿ ಜಾಸ್ತಿ ಕೊಟ್ಟ ನೂಲಿನ ಬಟ್ಟೆ. ಎರಡು ಅಥವಾ ಮೂರು ಎಳೆಗಳನ್ನು ಸೇರಿಸಿ ಬಿಗಿಯಾಗಿ ಹೊಸೆದು, ಆ ನೂಲಿನಿಂದ ಬಿಡಿಬಿಡಿಯಾಗಿ ಸಾದಾ ನೇಯ್ಗೆ ಮಾಡುತ್ತಾರೆ. ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಲ್ಲಿ ಮಾರ್ಟಿನ್ ಸನ್ಸ್ ಎಂಬ ಗಿರಣಿ 1907ರಲ್ಲಿ ‘ಫ್ರೆಸ್ಕೊ’ ಎಂಬ ಹೆಸರನ್ನು ನೋಂದಾಯಿಸಿದ್ದು ಇಂಥ ಬಟ್ಟೆಗೇ. ಇಟಾಲಿಯನ್ ಭಾಷೆಯಲ್ಲಿ ಆ ಪದಕ್ಕೆ ತಂಪು, ತಾಜಾ ಎಂಬ ಅರ್ಥ. ಬೇರೆ ಗಿರಣಿಗಳು ಬೇರೆ ಹೆಸರಿನಲ್ಲಿ ಇದೇ ಬಗೆಯದನ್ನು ಮಾಡುತ್ತವೆ. ಅಂಗಡಿಯಲ್ಲಿ ‘ಹೈ ಟ್ವಿಸ್ಟ್’ ಎಂದು ಕೇಳಿದರೆ ಗೊತ್ತಾಗುತ್ತದೆ. ಸ್ಪ್ರಿಂಗಿನ ಹಾಗೆ ಹೊಸೆದ ನೂಲು ಮುದುಡಿದರೂ ತಾನಾಗಿ ಬಿಡಿಸಿಕೊಳ್ಳುತ್ತದೆ. ಒಂದೇ ಕೊರತೆ, ಮುಟ್ಟಿದರೆ ತುಸು ಒರಟು. ಕೋಟಿನಲ್ಲಿ ಅದು ಗೊತ್ತಾಗುವುದಿಲ್ಲ, ತೊಡೆಗೆ ಗೊತ್ತಾಗುತ್ತದೆ.

ಸೀರ್‌ಸಕರ್ ಬಗ್ಗೆ ಎರಡು ಮಾತು. ಹಾಸಿನ ಕೆಲವು ನೂಲನ್ನು ಬಿಗಿಯಾಗಿ, ಕೆಲವನ್ನು ಸಡಿಲವಾಗಿ ಬಿಟ್ಟು ನೇಯುತ್ತಾರೆ. ಸಡಿಲ ಪಟ್ಟಿ ಸುಕ್ಕಾಗಿ ಉಬ್ಬಿ, ಬಟ್ಟೆಯನ್ನು ಮೈಯಿಂದ ಎತ್ತಿ ಹಿಡಿಯುತ್ತದೆ. ಪಾರ್ಸಿ ಭಾಷೆಯ ‘ಶೀರ್ ಒ ಶಕರ್’, ಅಂದರೆ ಹಾಲು ಸಕ್ಕರೆ, ಈ ಹೆಸರಿನ ಮೂಲ. ನಯ ಪಟ್ಟಿ ಹಾಲು, ಒರಟು ಪಟ್ಟಿ ಸಕ್ಕರೆ. ತಂಪಾದ ಬಟ್ಟೆ, ಆದರೆ ಕಟ್ಟುನಿಟ್ಟಿನ ಆಫೀಸಿಗೆ ಹೊಂದುವುದು ಕಷ್ಟ.

ಈಗ ಅಂಗಡಿಯಲ್ಲಿ ಮಾಡುವ ಮೂರು ಪರೀಕ್ಷೆ. ಮೊದಲನೆಯದು ಬೆಳಕು. ಬಟ್ಟೆಯ ಒಂದೇ ಪದರವನ್ನು ದೀಪದ ಎದುರು ಹಿಡಿಯಿರಿ. ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು ಸಾಲಾಗಿ ಕಂಡರೆ ನೇಯ್ಗೆ ಬಿಡಿಯಾಗಿದೆ. ಎರಡನೆಯದು ಉಸಿರು. ಬಟ್ಟೆಯನ್ನು ಬಾಯಿಗೆ ಹತ್ತಿರ ಹಿಡಿದು ಊದಿ, ಆಚೆ ಬದಿಯಲ್ಲಿ ಅಂಗೈ ಇಡಿ. ಒಳ್ಳೆಯ ಹೈ ಟ್ವಿಸ್ಟ್ ಬಟ್ಟೆಯಲ್ಲಿ ಉಸಿರು ನೇರವಾಗಿ ಅಂಗೈಗೆ ತಾಕುತ್ತದೆ. ಒತ್ತು ಟ್ವಿಲ್‌ನಲ್ಲಿ ಅದು ವಾಪಸ್ ಬಂದು ನಿಮ್ಮ ಕೆನ್ನೆಗೇ ಬಡಿಯುತ್ತದೆ. ಮೂರನೆಯದು ಮುಷ್ಟಿ. ಬಟ್ಟೆಯ ಮೂಲೆಯನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದು 10 ಎಣಿಸಿ ಬಿಡಿ. ಕಣ್ಣೆದುರೇ ಗೆರೆಗಳು ಸಡಿಲವಾಗುತ್ತಾ ಬಂದರೆ ಆ ಸೂಟ್ ನಿಮ್ಮ ಜೊತೆ ದಿನವಿಡೀ ನಿಲ್ಲುತ್ತದೆ. ರೆಡಿಮೇಡ್ ಸೂಟಿನಲ್ಲಿ ಬೆಳಕು, ಉಸಿರಿನ ಪರೀಕ್ಷೆಯನ್ನು ಪ್ಯಾಂಟಿನ ಕಾಲಿನ ತುದಿಯಲ್ಲಿ ಮಾಡಿ, ಅಲ್ಲಿ ಲೈನಿಂಗ್ ಇರುವುದಿಲ್ಲ.

ಹೆಜ್ಜೆ 4: ತೂಕದ ಸಂಖ್ಯೆ ಓದುವುದು

ಸೂಟ್ ಬಟ್ಟೆಯ ತೂಕವನ್ನು ಎರಡು ರೀತಿ ಬರೆಯುತ್ತಾರೆ, ಇಲ್ಲಿ ಮೋಸ ಹೋಗುವುದು ಸುಲಭ. ಒಂದು, ಉದ್ದದ ಮೀಟರಿಗೆ ಎಷ್ಟು ಗ್ರಾಂ ಎಂದು. ಬಟ್ಟೆಯ ಪನ್ನ ಸಾಮಾನ್ಯವಾಗಿ 150 ಸೆಂಟಿಮೀಟರ್, ಆ ಪೂರ್ತಿ ಅಗಲದ ತೂಕ ಅದು. ಇನ್ನೊಂದು, ಚದರ ಮೀಟರಿಗೆ ಎಷ್ಟು ಎಂದು, ಇದನ್ನೇ ಜಿಎಸ್‌ಎಂ ಅನ್ನುತ್ತಾರೆ. ಉದ್ದದ ಮೀಟರಿಗೆ 250 ಗ್ರಾಂ ಎಂದರೆ ಚದರ ಮೀಟರಿಗೆ ಸುಮಾರು 167. ಅದು ಬೇಸಿಗೆ ಬಟ್ಟೆ. 250 ಜಿಎಸ್‌ಎಂ ಎಂದರೆ ಉದ್ದದ ಮೀಟರಿಗೆ 375 ಗ್ರಾಂ. ಅದು ಚಳಿಗಾಲದ್ದು. ಸಂಖ್ಯೆ ಒಂದೇ, ಬಟ್ಟೆ ಬೇರೆ. ಹಳೆಯ ಪದ್ಧತಿಯಲ್ಲಿ ಔನ್ಸ್ ಬರೆದಿದ್ದರೆ ಅದನ್ನು 31ರಿಂದ ಗುಣಿಸಿ, ಮೀಟರಿಗೆ ಗ್ರಾಂ ಬರುತ್ತದೆ. 8 ಔನ್ಸ್ ಎಂದರೆ ಸುಮಾರು 248 ಗ್ರಾಂ.

ಸೆಖೆಗೆ ಉಣ್ಣೆಯಲ್ಲಿ 220ರಿಂದ 270 ಗ್ರಾಂ ನಡುವೆ ನೋಡಿ. ಹೈ ಟ್ವಿಸ್ಟ್ ಆದರೆ 280ರವರೆಗೂ ಹೋಗಬಹುದು. 280 ಗ್ರಾಂನ ಬಿಡಿ ನೇಯ್ಗೆ 230 ಗ್ರಾಂನ ಒತ್ತು ಟ್ವಿಲ್‌ಗಿಂತ ತಂಪಾಗಿರುವುದನ್ನು ನಾನು ಹಾಕಿಯೇ ನೋಡಿದ್ದೇನೆ. 200ಕ್ಕಿಂತ ಕೆಳಗಿನದು ಕೈಗೆ ರೇಷ್ಮೆಯ ಹಾಗೆ ಅನ್ನಿಸುತ್ತದೆ, ಆದರೆ ಮೈಮೇಲೆ ನೆಟ್ಟಗೆ ಇಳಿಬೀಳುವುದಿಲ್ಲ. ಒದ್ದೆಯಾದರೆ ತೊಡೆಗೆ ಅಂಟುತ್ತದೆ, ಹೊಲಿಗೆಯ ಕಡೆ ಸುಕ್ಕು ಹಿಡಿಯುತ್ತದೆ. ಬಟ್ಟೆಗೆ ಸ್ವಲ್ಪ ಭಾರ ಇದ್ದರೆ ತಾನೇ ಕೆಳಗೆ ಇಳಿದು ಮೈಯಿಂದ ದೂರ ನಿಲ್ಲುತ್ತದೆ.

‘ಸೂಪರ್ 120’, ‘ಸೂಪರ್ 150’ ಎಂಬುದು ತೂಕವೂ ಅಲ್ಲ, ತಂಪಿನ ಅಳತೆಯೂ ಅಲ್ಲ. ಅದು ಉಣ್ಣೆಯ ಎಳೆ ಎಷ್ಟು ಸಣ್ಣ ಎಂಬ ಲೆಕ್ಕ. ಸೂಪರ್ 100 ಎಂದರೆ ಎಳೆಯ ಸರಾಸರಿ ದಪ್ಪ 18.75 ಮೈಕ್ರಾನ್ ಮೀರಬಾರದು. ಮುಂದೆ 10 ಏರಿದಂತೆ ಅರ್ಧ ಮೈಕ್ರಾನ್ ಇಳಿಯುತ್ತದೆ. ಎಳೆ ಸಣ್ಣದಾದಷ್ಟೂ ನಯ ಜಾಸ್ತಿ, ಬಾಳಿಕೆ ಕಡಿಮೆ, ಸುಕ್ಕೂ ಬೇಗ. ಬೆವರು ಹರಿಯುವ ಕಾಲಕ್ಕೆ ಸೂಪರ್ 100ರಿಂದ 120 ಸಾಕು.

ಹೆಜ್ಜೆ 5: ಕೋಟನ್ನು ಬಿಚ್ಚಿ ಒಳಗೆ ನೋಡಿ

ಹೊರಬಟ್ಟೆ ಎಷ್ಟೇ ಚೆನ್ನಾಗಿದ್ದರೂ ಒಳಗೆ ಪೂರ್ತಿ ಪಾಲಿಯೆಸ್ಟರ್ ಲೈನಿಂಗ್ ಹಾಕಿದರೆ ಎಲ್ಲ ವ್ಯರ್ಥ. ಕಿಟಕಿ ತೆರೆದು ಅದರ ಹಿಂದೆ ಪ್ಲಾಸ್ಟಿಕ್ ಹಾಳೆ ಕಟ್ಟಿದ ಹಾಗಾಗುತ್ತದೆ.

ಕೋಟಿನ ಬೆನ್ನಿನ ಒಳಭಾಗ ನೋಡಿ. ಕಾಲರಿನಿಂದ ಕೆಳತುದಿವರೆಗೆ ಲೈನಿಂಗ್ ಇದ್ದರೆ ಅದು ಫುಲ್ ಲೈನಿಂಗ್. ಹೆಗಲ ಮೇಲ್ಭಾಗದಲ್ಲಿ ಮಾತ್ರ ಇದ್ದು, ಕೆಳಗೆ ಬಟ್ಟೆಯ ಒಳಮೈ ನೇರವಾಗಿ ಕಂಡರೆ ಅರ್ಧ ಅಥವಾ ಕಾಲು ಲೈನಿಂಗ್. ಸೆಖೆಗೆ ನನ್ನ ಆಯ್ಕೆ ಈ ಕಾಲು ಲೈನಿಂಗ್. ಹೆಗಲ ಹತ್ತಿರ ಒಂದು ತುಂಡು ಇರುವುದರಿಂದ ಕೋಟು ಸಲೀಸಾಗಿ ಜಾರುತ್ತದೆ, ಅತಿ ಹೆಚ್ಚು ಬೆವರುವ ಬೆನ್ನು ತೆರೆದಿರುತ್ತದೆ.

ಲೈನಿಂಗೇ ಇಲ್ಲದ ಕೋಟು ಇನ್ನೂ ತಂಪು. ಆದರೆ ಅಲ್ಲಿ ಹೊಲಿಗೆಯ ಅಂಚುಗಳೆಲ್ಲ ಕಣ್ಣಿಗೆ ಬೀಳುತ್ತವೆ. ಪ್ರತಿ ಅಂಚಿಗೂ ತೆಳ್ಳಗಿನ ಪಟ್ಟಿ ಸುತ್ತಿ ಹೊಲಿಯಬೇಕು. ಅದಕ್ಕೇ ಬಟ್ಟೆ ಕಡಿಮೆ ಬಳಸಿದರೂ ಕೆಲಸ ಜಾಸ್ತಿ. ಒಳಗೆ ಕತ್ತರಿಸಿದ ಅಂಚು ಹಾಗೇ ಬಿಟ್ಟು, ಬರೀ ಓವರ್‌ಲಾಕ್ ಹಾಕಿದ್ದರೆ ಆತುರದ ಕೆಲಸ ಎಂದು ತಿಳಿಯಿರಿ.

ತೋಳಿನ ಒಳಗೆ ಮಾತ್ರ ಲೈನಿಂಗ್ ಬೇಕೇ ಬೇಕು, ಇಲ್ಲದಿದ್ದರೆ ಕೈ ಜಾರುವುದಿಲ್ಲ. ಅದು ಯಾವುದರದ್ದು ಎಂಬುದು ಮುಖ್ಯ. ಕ್ಯುಪ್ರೊ ಕೇಳಿ, ‘ಬೆಂಬರ್ಗ್’ ಎಂಬ ಹೆಸರಿನಲ್ಲಿ ಜಾಸ್ತಿ ಪರಿಚಯ. ಹತ್ತಿ ಬೀಜಕ್ಕೆ ಅಂಟಿರುವ ಗಿಡ್ಡ ನಾರಿನಿಂದ ಮಾಡುತ್ತಾರೆ. ರೇಷ್ಮೆಯ ಹಾಗೆ ಜಾರುತ್ತದೆ, ತೇವವನ್ನೂ ಹೀರುತ್ತದೆ. ಅದು ಸಿಗದಿದ್ದರೆ ವಿಸ್ಕೋಸ್ ನಡೆಯುತ್ತದೆ. ನನ್ನ ಮೊದಲ ಸೂಟಿನ ತೋಳು ತಿರುಚಿಕೊಂಡು ಬಂದದ್ದು ಅಲ್ಲಿ ಪಾಲಿಯೆಸ್ಟರ್ ಲೈನಿಂಗ್ ಇದ್ದ ಒಂದೇ ಕಾರಣಕ್ಕೆ.

ಇನ್ನು ಎದೆಯ ಭಾಗ. ಕೋಟಿನ ಮುಂಭಾಗ ನೆಟ್ಟಗೆ ನಿಲ್ಲಲು ಒಳಗೆ ಒಂದು ಪದರ ಇರುತ್ತದೆ. ಕೆಲವದರಲ್ಲಿ ಆ ಪದರವನ್ನು ಅಂಟಿನಿಂದ ಬಿಸಿ ಒತ್ತಿ ಕೂರಿಸುತ್ತಾರೆ, ಇದು ಫ್ಯೂಸಿಂಗ್. ಕೆಲವದರಲ್ಲಿ ಕುದುರೆ ಕೂದಲು ಬೆರೆಸಿ ನೇಯ್ದ ಕ್ಯಾನ್ವಾಸನ್ನು ದಾರದಿಂದ ಹೊಲಿಯುತ್ತಾರೆ. ಪತ್ತೆ ಮಾಡಲು ಕೆಳಗಿನ ಗುಂಡಿಯ ಕೆಳಗೆ ಹೊರಬಟ್ಟೆ ಮತ್ತು ಒಳಬಟ್ಟೆಯನ್ನು ಎರಡು ಬೆರಳಲ್ಲಿ ಚಿವುಟಿ ಬೇರೆ ಬೇರೆ ಎಳೆಯಿರಿ. ನಡುವೆ ಮೂರನೇ ಪದರ ಬಿಡಿಯಾಗಿ ಜಾರಿದರೆ ಪೂರ್ತಿ ಕ್ಯಾನ್ವಾಸ್. ಕೆಳಗೆ ಸಿಗದೆ, ಎದೆಯ ಹತ್ತಿರ ಮಾತ್ರ ಸಿಕ್ಕರೆ ಅರ್ಧ ಕ್ಯಾನ್ವಾಸ್. ಎಲ್ಲೂ ಸಿಗದಿದ್ದರೆ ಫ್ಯೂಸಿಂಗ್.

ಅಂಟಿನ ಪದರ ಗಾಳಿಯನ್ನು ತಡೆಯುತ್ತದೆ, ಅದು ಒಂದು. ಬಿಸಿ, ಬೆವರು, ಪದೇ ಪದೇ ಡ್ರೈಕ್ಲೀನ್ ಸೇರಿದಾಗ ಕಳಪೆ ಅಂಟು ಬಿಡುತ್ತದೆ, ಅದು ಇನ್ನೊಂದು. ನನ್ನ ಆ ಮೊದಲ ಸೂಟ್ ಎರಡನೇ ಬೇಸಿಗೆಯಲ್ಲಿ ಎದೆಯ ಎಡಭಾಗದಲ್ಲಿ ಗುಳ್ಳೆ ಎದ್ದ ಹಾಗಾಯಿತು. ಇಸ್ತ್ರಿ ಇಟ್ಟರೆ ಒಂದು ದಿನ ಕೂರುತ್ತಿತ್ತು, ಮರುದಿನ ಮತ್ತೆ ಏಳುತ್ತಿತ್ತು. ಆ ಗುಳ್ಳೆಯನ್ನು ಪೂರ್ತಿ ಸರಿಮಾಡುವುದು ಸಾಧ್ಯವಿಲ್ಲ ಎಂದು ಟೈಲರ್ ಹೇಳಿದಾಗ ನಿಜಕ್ಕೂ ಬೇಸರವಾಯಿತು. ಅರ್ಧ ಕ್ಯಾನ್ವಾಸ್ ಆದರೂ ಇರಲಿ ಎಂದು ಹೇಳುವುದು ಅದಕ್ಕೇ.

ಹೆಗಲಿನ ಪ್ಯಾಡ್ ತೆಳುವಾಗಿರಲಿ. ಹೆಗಲನ್ನು ಹಿಡಿದು ಚಿವುಟಿದರೆ ಸ್ಪಂಜಿನ ಹಾಗೆ ದಪ್ಪಗೆ ಸಿಕ್ಕರೆ, ಅಲ್ಲಿ ಬಿಸಿ ಕೂರುತ್ತದೆ.

ಹೆಜ್ಜೆ 6: ಅಳತೆ

ಮೈಗೆ ಅಂಟುವ ಸೂಟ್ ಸೆಖೆಗೆ ಸಲ್ಲದು. ಬಟ್ಟೆಗೂ ಮೈಗೂ ನಡುವೆ ಜಾಗ ಇದ್ದರೆ ತಾನೇ ಗಾಳಿ ಓಡಾಡುವುದು? ಬಿಸಿ ಗಾಳಿ ಮೇಲೇರಿ ಕುತ್ತಿಗೆ ಹತ್ತಿರ ಹೊರಗೆ ಹೋಗುತ್ತದೆ, ಕೆಳಗಿಂದ ಹೊಸದು ಬರುತ್ತದೆ. ಬಿಗಿಯಾದ ಕೋಟು ಈ ದಾರಿಯನ್ನೇ ಕಟ್ಟಿಬಿಡುತ್ತದೆ.

ಗುಂಡಿ ಹಾಕಿ ನಿಂತಾಗ ಅಂಗೈ ಸಲೀಸಾಗಿ ಒಳಗೆ ಹೋಗಬೇಕು. ಗುಂಡಿಯ ಸುತ್ತ ಅಡ್ಡಗೆರೆಗಳು ಎಳೆದುಕೊಂಡರೆ ಬಿಗಿ. ತೋಳಿನ ಕುಳಿ ಮೇಲಕ್ಕೇ ಇರಲಿ, ಕೈ ಎತ್ತಿದಾಗ ಇಡೀ ಕೋಟು ಮೇಲೇಳುವುದಿಲ್ಲ. ಆದರೆ ಕಂಕುಳಿಗೆ ಕಚ್ಚಬಾರದು, ಒಂದು ಬೆರಳು ಹಿಡಿಸುವಷ್ಟು ಜಾಗ ಬೇಕು. ಹೆಗಲು ಮಾತ್ರ ಸರಿಯಾಗಿ ಹೊಂದಲೇಬೇಕು. ಸೊಂಟ, ತೋಳಿನ ಉದ್ದ ಆಮೇಲೆ ಸರಿಮಾಡಬಹುದು, ಹೆಗಲನ್ನು ಬಿಚ್ಚಿ ಸರಿಮಾಡುವುದು ದೊಡ್ಡ ಕೆಲಸ.

ಪ್ಯಾಂಟಿಗೆ ತೊಡೆಯ ಎರಡೂ ಬದಿಯಲ್ಲಿ ಎರಡು ಮೂರು ಸೆಂಟಿಮೀಟರ್ ಬಟ್ಟೆ ಚಿವುಟಲು ಸಿಗಬೇಕು. ಸೊಂಟದ ಕೆಳಗೆ ಒಂದು ನೆರಿಗೆ ಇದ್ದರೆ ಕೂತಾಗ ಜಾಗ ಬಿಡುತ್ತದೆ. ಹೈ ಟ್ವಿಸ್ಟ್ ಬಟ್ಟೆಯಾದರೆ ಮುಂಭಾಗದಲ್ಲಿ ಮೊಣಕಾಲವರೆಗೆ ತೆಳು ಲೈನಿಂಗ್ ಹಾಕಿಸಿ. ಒಂದು ಪದರ ಜಾಸ್ತಿ ಆದರೂ ತೊಡೆಗೆ ಚುಚ್ಚುವುದಿಲ್ಲ, ಬೆವರು ನೇರವಾಗಿ ಬಟ್ಟೆಗೆ ಹತ್ತುವುದಿಲ್ಲ. ಕಾಲಿನ ತುದಿ ಶೂ ಮೇಲೆ ಮುದ್ದೆಯಾಗಿ ಕೂರದೆ, ಸುಮ್ನೆ ತಾಕುವಷ್ಟಿರಲಿ.

ಹೆಜ್ಜೆ 7: ಬಣ್ಣ ಮತ್ತು ಉಳಿದ ಸಣ್ಣಪುಟ್ಟದ್ದು

ಬಿಸಿಲಲ್ಲಿ ಕಡು ಬಣ್ಣ ಜಾಸ್ತಿ ಕಾಯುತ್ತದೆ. ನೆರಳಲ್ಲಿ, ಕಟ್ಟಡದೊಳಗೆ ಬಣ್ಣದಿಂದ ಆಗುವ ವ್ಯತ್ಯಾಸ ಅಷ್ಟಕ್ಕಷ್ಟೇ. ಬೆವರಿನ ಕಲೆ ಎದ್ದು ಕಾಣುವುದು ಒಂದೇ ಬಣ್ಣದ ತಿಳಿ ಬೂದು, ತಿಳಿ ನೀಲಿಯಲ್ಲಿ. ಎರಡು ಬಣ್ಣದ ನೂಲು ಬೆರೆತು ಚುಕ್ಕೆಚುಕ್ಕೆಯಾಗಿ ಕಾಣುವ ನಡುಬೂದು ಅಥವಾ ನೇವಿಗಿಂತ ಸ್ವಲ್ಪ ತಿಳಿಯಾದ ನೀಲಿ ನೋಡಿ. ಕಲೆಯೂ ಮುಚ್ಚುತ್ತದೆ, ಆಫೀಸಿಗೂ ಒಪ್ಪುತ್ತದೆ.

ಕೋಟು ಸಿಂಗಲ್ ಬ್ರೆಸ್ಟೆಡ್, ಎರಡು ಗುಂಡಿ. ಡಬಲ್ ಬ್ರೆಸ್ಟೆಡ್‌ನಲ್ಲಿ ಹೊಟ್ಟೆಯ ಮೇಲೆ ಎರಡು ಪದರ ಬೀಳುತ್ತದೆ. ಹಿಂದೆ ಎರಡು ಸೀಳು. ವೇಸ್ಟ್‌ಕೋಟ್ ಬೇಡ. ಹೊರಗಿಂದ ಹೊಲಿದ ಪ್ಯಾಚ್ ಜೇಬು ಇದ್ದರೆ ಒಳಗೆ ಜೇಬಿನ ಚೀಲ ಇರುವುದಿಲ್ಲ, ಒಂದೆರಡು ಪದರ ಉಳಿಯುತ್ತದೆ. ಆದರೆ ನೋಟ ಸ್ವಲ್ಪ ಸಡಿಲ. ನಿಮ್ಮ ಆಫೀಸ್ ನೋಡಿ ತೀರ್ಮಾನಿಸಿ.

ಅಂಗಿಯನ್ನು ಮರೆಯಬೇಡಿ. ಗಾಳಿಯಾಡುವ ಕೋಟಿನ ಒಳಗೆ ದಪ್ಪ ಆಕ್ಸ್‌ಫರ್ಡ್ ಅಂಗಿ ಹಾಕಿದರೆ ಪ್ರಯೋಜನವಿಲ್ಲ. ತೆಳು ಪಾಪ್ಲಿನ್ ಅಥವಾ ಲಿನನ್ ಬೆರೆತ ಹತ್ತಿ ಒಳ್ಳೆಯದು. ಒಳಗೆ ತೆಳ್ಳಗಿನ ಹತ್ತಿ ಬನಿಯನ್ ಹಾಕಿ ಎಂದೇ ನಾನು ಹೇಳುತ್ತೇನೆ. ಮೊದಲ ಬೆವರನ್ನು ಅದು ಕುಡಿಯುತ್ತದೆ, ಕೋಟಿಗೆ ತಲುಪುವುದು ಕಡಿಮೆಯಾಗುತ್ತದೆ.

ಹೆಜ್ಜೆ 8: ಟ್ರಯಲ್ ರೂಮಿನಲ್ಲಿ ಅವಸರ ಬೇಡ

ಅಂಗಡಿ ಎಸಿಯಲ್ಲಿ ಎಲ್ಲ ಸೂಟೂ ತಂಪೇ. ಆದ್ದರಿಂದ ಹಾಕಿಕೊಂಡು ಕನ್ನಡಿ ನೋಡಿ ತೆಗೆದುಬಿಡಬೇಡಿ. ಕನಿಷ್ಠ ಹತ್ತು ನಿಮಿಷ ಮೈಮೇಲಿರಲಿ. ಓಡಾಡಿ, ಸಾಧ್ಯವಾದರೆ ಎಸಿ ಇಲ್ಲದ ಬಾಗಿಲ ಹತ್ತಿರ ನಿಲ್ಲಿ. ಕೂತು ಏಳಿ. ಕೈಯನ್ನು ಮುಂದಕ್ಕೆ ಚಾಚಿ. ಮೆಟ್ಟಿಲಿದ್ದರೆ ಒಮ್ಮೆ ಹತ್ತಿ ಇಳಿಯಿರಿ. ಆಮೇಲೆ ಕೋಟು ತೆಗೆದು ಬೆನ್ನಿನ ಒಳಭಾಗವನ್ನು ಅಂಗೈಯಿಂದ ಮುಟ್ಟಿ. ಅಷ್ಟರಲ್ಲೇ ಬಿಸಿಯಾಗಿ ಪಸೆಯಾಗಿದ್ದರೆ ಹೊರಗೆ ಏನಾಗುತ್ತದೆ ಎಂದು ನೀವೇ ಊಹಿಸಬಹುದು. ಹೋಗುವಾಗ ನಿತ್ಯ ಹಾಕುವ ಅಂಗಿ, ಶೂ ಹಾಕಿಕೊಂಡೇ ಹೋಗಿ.

ಹೆಜ್ಜೆ 9: ಮನೆಗೆ ತಂದ ಮೇಲೆ

ಒಂದು ದಿನ ಹಾಕಿದರೆ ಕನಿಷ್ಠ ಒಂದು ದಿನ ಬಿಡುವು ಕೊಡಿ. ಒದ್ದೆಯಿರುವ ಬಟ್ಟೆಯನ್ನು ನೇರವಾಗಿ ಬೀರುವಿನೊಳಗೆ ಇಡಬೇಡಿ. ಅದರಲ್ಲೂ ಡ್ರೈಕ್ಲೀನಿನವರು ಕೊಡುವ ಪ್ಲಾಸ್ಟಿಕ್ ಕವರಿನಲ್ಲಿ ಇಡಲೇಬೇಡಿ, ಸೆಖೆಗಾಲದಲ್ಲಿ ಬೂಷ್ಟು ಹಿಡಿಯಲು ಅಷ್ಟೇ ಸಾಕು. ಹತ್ತಿಯ ಚೀಲ ಹಾಕಿ. ಡ್ರೈಕ್ಲೀನ್‌ಗೆ ಪದೇ ಪದೇ ಕೊಡುವ ಅಗತ್ಯವಿಲ್ಲ. ಆದರೆ ಕಾಲ ಮುಗಿದು ಎತ್ತಿಡುವ ಮೊದಲು ಒಮ್ಮೆ ಕೊಡಲೇಬೇಕು. ಬೆವರು, ಎಣ್ಣೆಯ ಪಸೆ ಉಳಿದಿದ್ದರೆ ನುಸಿ ಹುಳು ಮೊದಲು ತಿನ್ನುವುದು ಅಲ್ಲೇ.

ಇಸ್ತ್ರಿ ನೇರವಾಗಿ ತಾಗಿದರೆ ಉಣ್ಣೆ ಮಿಂಚುತ್ತದೆ, ಆ ಹೊಳಪು ಸುಲಭವಾಗಿ ಹೋಗುವುದಿಲ್ಲ. ಮೇಲೆ ತೆಳು ಹತ್ತಿ ಬಟ್ಟೆ ಹಾಸಿ ಇಸ್ತ್ರಿ ಮಾಡಿ, ಇಲ್ಲವೇ ಬರೀ ಹಬೆ ಕೊಡಿ.

ಸಂಜೆ ಮನೆಗೆ ಬಂದ ತಕ್ಷಣ ನಾನು ಮಾಡುವುದು ಇಷ್ಟು. ಜೇಬುಗಳನ್ನು ಖಾಲಿ ಮಾಡುತ್ತೇನೆ. ಹೆಗಲಿನ ಹತ್ತಿರ ಅಗಲವಾಗಿರುವ ಮರದ ಹ್ಯಾಂಗರಿಗೆ ಕೋಟು ಹಾಕಿ, ಗುಂಡಿ ಬಿಚ್ಚಿ, ಫ್ಯಾನಿನ ಗಾಳಿ ಬೀಳುವಲ್ಲಿ ತೂಗುಹಾಕುತ್ತೇನೆ. ಪ್ಯಾಂಟನ್ನು ಕಾಲಿನ ತುದಿಯಿಂದ ಕ್ಲಿಪ್ ಹಾಕಿ ತಲೆಕೆಳಗಾಗಿ ನೇತುಹಾಕುತ್ತೇನೆ, ಸೊಂಟದ ಭಾರಕ್ಕೆ ಅದೇ ನೆಟ್ಟಗಾಗುತ್ತದೆ. ಮೃದು ಬ್ರಷ್‌ನಿಂದ ಮೇಲಿಂದ ಕೆಳಗೆ ನಾಲ್ಕು ಸಲ ಎಳೆದು ಬಿಟ್ಟುಬಿಡುತ್ತೇನೆ. ಬೆಳಿಗ್ಗೆ ಎದ್ದು ನೋಡಿದರೆ ಮೊಣಕೈ ಹತ್ತಿರ ಬಿದ್ದಿದ್ದ ಗೆರೆಗಳು ಹೋಗಿರುತ್ತವೆ, ಬೆನ್ನಿನ ಒಳಮೈ ಮುಟ್ಟಿದರೆ ಒಣಗಿ ತಂಪಾಗಿರುತ್ತದೆ.